ಹೆಂಗಸರ ತಾಸು

ಮಧ್ಯಾಹ್ನ ಒಂದು ಹೊಡೆಯಿತೆಂದರೆ ಮೈಲಾರಲಿಂಗ ಸೀಟಿ ಊದುತ್ತಿದ್ದ. ಈಜುಗೊಳದಲ್ಲಿದ್ದ ಗಂಡಸರೆಲ್ಲ ಗೊಣಗುತ್ತ ಮೇಲೆ ಬಂದು, ಮೈ ಒರೆಸಿಕೊಂಡು, ಚಪ್ಪಲಿ ಹುಡುಕಿಕೊಂಡು ಹೋಗುವತನಕ ಮುನವ್ವರಾ ಗೇಟಿನ ಹೊರಗಿನ ಹುಣಸೆಮರದ ಕೆಳಗೆ ನಿಂತಿರುತ್ತಿದ್ದಳು. ಕೊನೆಯವನೂ ಹೋದಮೇಲೆ ಮೈಲಾರಲಿಂಗ ತಾನೂ ಹೊರಬಂದು, "ಹೋಗವಾ, ಇನ್ನ ನಿಂದ ರಾಜ್ಯ," ಎಂದು ನಗುತ್ತಿದ್ದ. ಅವಳು ಒಳಗೆ ಹೋಗಿ, ಬಿದಿರುತಟ್ಟಿಯ ಬಾಗಿಲು ಎಳೆದುಕೊಂಡು, ಕಬ್ಬಿಣದ ಕುರ್ಚಿಯ ಮೇಲೆ ಕೂತು ನೀರನ್ನು ನೋಡುತ್ತಿದ್ದಳು. ಮೂರು ಹೊಡೆಯುವವರೆಗೂ ನೋಡುತ್ತಿದ್ದಳು. ಅದು ಹೆಂಗಸರ ತಾಸು. ಹೆಸರಿಗೆ ತಾಸು, ಇದ್ದದ್ದು ಎರಡು ತಾಸು. ಹೆಂಗಸರು ಮಾತ್ರ ಯಾರೂ ಬರುತ್ತಿರಲಿಲ್ಲ.

ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಸುರುವಾದಾಗ ಹೀಗಿರಲಿಲ್ಲ. ಬೆಳಗಾವಿಯ ಒಂದು ಮಹಿಳಾ ಮಂಡಳದವರು ಈಜುಗೊಳದ ಕಮಿಟಿಯ ಬೆನ್ನುಹತ್ತಿ, ನಮಗೂ ಒಂದು ಹೊತ್ತು ಕೊಡಿ ಎಂದು ಜಗಳವಾಡಿ ಪಡೆದುಕೊಂಡದ್ದು ಅದು. ಮೊದಲ ದಿನ ಹದಿನೆಂಟು ಮಂದಿ ಬಂದಿದ್ದರು. ಮೆಟ್ಟಿಲ ಕಂಬಿ ಹಿಡಿದುಕೊಂಡು ಒಬ್ಬೊಬ್ಬರೇ ಇಳಿದು, ಕಿರುಚಿ, ನಕ್ಕು, ಒಬ್ಬರ ಮೇಲೊಬ್ಬರು ನೀರು ಎರಚಿಕೊಂಡು ಹೋಗಿದ್ದರು. ಆಮೇಲೆ ಮಳೆ ಹಿಡಿಯಿತು. ಒಬ್ಬಳ ಅತ್ತೆಗೆ ಇದು ಸೇರಲಿಲ್ಲ. ಇನ್ನೊಬ್ಬಳಿಗೆ ಗೊಳದ ಔಷಧಿ ಹಾಕಿದ ನೀರಿಗೆ ಕೂದಲು ಉದುರಿದವು. ದೀಪಾವಳಿ ಹೊತ್ತಿಗೆ ನಾಲ್ವರು ಉಳಿದರು, ಯುಗಾದಿ ಹೊತ್ತಿಗೆ ಒಬ್ಬರೂ ಇಲ್ಲ. ಆದರೂ ಕಮಿಟಿಯವರು ಆ ವೇಳೆಯನ್ನು ತೆಗೆದುಹಾಕಲಿಲ್ಲ. ತೆಗೆದರೆ ಮಂಡಳದವರು ಮತ್ತೆ ಜಗಳಕ್ಕೆ ಬಂದಾರೆಂಬ ಅಂಜಿಕೆ. ಹೆಂಗಸರ ತಾಸು ಇದ್ದಮೇಲೆ ಹೆಂಗಸರನ್ನು ಕಾಯುವವಳೂ ಇರಬೇಕಲ್ಲ, ಹಾಗಾಗಿ ಮುನವ್ವರಾ ಉಳಿದಳು.

ಅವಳು ಖಾನಾಪುರದವಳು. ದಿನಾ ಮುಂಜಾನೆ ರೈಲಿಗೆ ಬಂದು, ಸಂಜೆಯ ರೈಲಿಗೆ ಹೋಗುತ್ತಿದ್ದಳು. ಅಪ್ಪ ಸರದಾರಸಾಬ ಹಂಚಿನ ಭಟ್ಟಿ ಕಾಯುತ್ತಿದ್ದವನು. ತಾಯಿ ರಾಜಬೀ ಹೊಳೆಯ ಹೆಂಗಸು. ಮಳೆಗಾಲದಲ್ಲಿ ಮಲಪ್ರಭೆ ಏರಿದಾಗ ಜಾಂಬೋಟಿಯ ಕಾಡಿನ ಕಡೆಯಿಂದ ಮುರಿದ ಕೊಂಬೆ, ಬೊಡ್ಡೆ ತೇಲಿ ಬರುತ್ತಿದ್ದವು. ರಾಜಬೀ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಅದರ ಇನ್ನೊಂದು ತುದಿಯನ್ನು ದಂಡೆಯ ಮರಕ್ಕೆ ಬಿಗಿದು, ಆ ಕೆಂಪು ನೀರಿಗೆ ಇಳಿದು ಅವನ್ನು ಹಿಡಿಯುತ್ತಿದ್ದಳು. ಮನೆಗೆ ವರ್ಷದ ಉರುವಲು ಅದೇ. ಮುನವ್ವರಾ ಒಂಬತ್ತು ವರ್ಷದವಳಿದ್ದಾಗಿಂದ ತಾಯಿಯ ಬೆನ್ನಿಗೇ ಇಳಿದವಳು. ಗಂಡಿನ ಕಡೆಯವರು ನೋಡಲು ಬಂದಾಗ ಊರಿನವರು ಯಾರೋ, "ಹುಡುಗಿ ಛಲೋ ಐತ್ರಿ, ಹೊಳಿಗೆ ಜಿಗೀತಾಳ ಅಷ್ಟ," ಎನ್ನುತ್ತಿದ್ದರು. ಬಂದವರು ಚಹಾ ಕುಡಿದು ಹೋಗುತ್ತಿದ್ದರು. ತಾಯಿತಂದೆ ಇಬ್ಬರೂ ತೀರಿಕೊಂಡಮೇಲೆ ಅವಳು ಅಣ್ಣ ವಹಾಬ ಮತ್ತು ಅವನ ಹೆಂಡತಿ ಮದರಬೀಯ ಮನೆಯಲ್ಲಿ ಒಂದು ಮೂಲೆ ಹಿಡಿದಳು.

ಇಪ್ಪತ್ತರ ವಯಸ್ಸಿನಲ್ಲಿ ಅವಳು ಒಂದು ಜೀವ ಉಳಿಸಿದ್ದಳು. ಕಾಡವ್ವ ಎಂಬ ಹೊಸ ಸೊಸೆ ಘಾಟಿನಲ್ಲಿ ಬಟ್ಟೆ ಒಗೆಯುವಾಗ ಜಾರಿ ಸೆಳವಿಗೆ ಸಿಕ್ಕಾಗ, ಹಿಂದೆಯೇ ಜಿಗಿದು ಜಡೆ ಹಿಡಿದು ಎಳೆದು ತಂದಿದ್ದಳು. ಆ ಮನೆಯವರು ಕಾಯಿ, ಕುಪ್ಪಸದ ಬಟ್ಟೆ ಕೊಟ್ಟು ಕಣ್ಣೀರು ಹಾಕಿದ್ದರು. ಆದರೆ ಕಾಡವ್ವ ಮಾತ್ರ, ಸಂತೆಯಲ್ಲಿ ಎದುರಾದರೆ ಸೆರಗು ಎಳೆದುಕೊಂಡು ಬೇರೆ ಸಾಲಿಗೆ ತಿರುಗುತ್ತಿದ್ದಳು. ನಮ್ಮ ಜಾತಿ ನೋಡಿ ಹೀಗೆ ಮಾಡುತ್ತಾಳೆಂದು ಮುನವ್ವರಾ ತಿಳಿದಿದ್ದಳು. ಆಗ ಕಾಡವ್ವಗೆ ಔಷಧ ಕೊಟ್ಟಿದ್ದ ಡಾಕ್ಟರಬಾಯಿಯೇ ಮುಂದೆ ಮಂಡಳದವರಿಗೆ ಚೀಟಿ ಬರೆದು ಈ ಕೆಲಸಕ್ಕೆ ಹಚ್ಚಿದ್ದು.

ಕೆಲಸ ಕಲಿಸಿದವನು ಮೈಲಾರಲಿಂಗ. ಸಾಂಬ್ರಾದವನು, ಸೈನ್ಯದಲ್ಲಿದ್ದು ಬಂದವನು, ಗಂಡಸರ ಹೊತ್ತಿನಲ್ಲಿ ಗೊಳ ಕಾಯುವವನು. "ನಿನಗ ಈಸಾಕ ಯಾರೂ ಕಲಸೂದು ಬ್ಯಾಡ," ಎಂದಿದ್ದ ಮೊದಲ ವಾರ. "ಇದೊಂದು ಕಲಿ. ಮುಣಗವ್ರ ಮುಂದಿಂದ ಎಂದೂ ಹೋಗಬ್ಯಾಡ, ಹಿಂದಿಂದ ಹೋಗು. ತಪ್ಪಿ ಹಿಡಕೊಂಡ್ರೂ ಅಂದ್ರ ಬಿಡಿಸಿಕೊಳ್ಳಾಕ ಹೋಗಬ್ಯಾಡ. ಕೆಳಗ ಹೋಗು. ಕೆಳಗ ಹೋದ್ರ ತಾವ ಬಿಡ್ತಾರ. ಅವ್ರಿಗೆ ಬೇಕಾದ್ದು ಮ್ಯಾಲಿಂದು."

ಕಲಿತದ್ದನ್ನು ಮಾಡಿ ತೋರಿಸಲು ಯಾರೂ ಇರಲಿಲ್ಲ. ಖಾಲಿ ನೀರಿನ ಮುಂದೆ ದಿನಾ ಎರಡು ತಾಸು ಕೂರುವುದು ಎಷ್ಟು ಉದ್ದದ ಕೆಲಸವೆಂದು ಕೂತವರಿಗೇ ಗೊತ್ತು. ಹುಣಸೆ ಎಲೆ ಉದುರಿ ತೇಲುತ್ತಿದ್ದವು. ಕಾಗೆಯೊಂದು ಬಂದು ಅಂಚಿನಲ್ಲಿ ನೀರು ಕುಡಿದು ಅವಳನ್ನು ನೋಡಿ ಹಾರಿಹೋಗುತ್ತಿತ್ತು. ಕಾವಲಿನ ಹೊತ್ತಿನಲ್ಲಿ ಕಾಯುವವಳು ನೀರಿಗೆ ಇಳಿಯಬಾರದೆಂಬ ನಿಯಮವಿತ್ತು, ಇಳಿಯುತ್ತಿರಲಿಲ್ಲ. ಕೆಲವು ದಿನ ರೈಲಿನಲ್ಲಿ ಪಕ್ಕದವರು ಏನಾದರೂ ಕೇಳಿದಾಗಲೇ, ಮುಂಜಾನೆಯಿಂದ ಯಾರೊಡನೆಯೂ ನಾಲ್ಕು ಮಾತಾಡಿಲ್ಲ ಎಂಬುದು ನೆನಪಾಗುತ್ತಿತ್ತು.

ಎಂಬತ್ತೊಂದರ ಜನವರಿಯ ಚಳಿಯಲ್ಲಿ ಒಂದು ದಿನ ಯಾರೋ ತಟ್ಟಿಯನ್ನು ಬಡಿದರು. ತೆರೆದರೆ ಐವತ್ತು ದಾಟಿದ, ಎತ್ತರದ, ಮೈಕೈ ತುಂಬಿದ ಹೆಂಗಸೊಬ್ಬಳು ಇಳಕಲ್ ಸೀರೆಯಲ್ಲಿ ಉಸಿರುಬಿಡುತ್ತ ನಿಂತಿದ್ದಳು. ಕೈಯೆಲ್ಲ ಹಿಟ್ಟು.

"ಇಲ್ಲೆ ನೀರಾಗ ನಡ್ಯಾಕ ಬಿಡ್ತಾರಂತಲ್ಲ, ಖರೇ ಏನು?"

"ಈಸಾಕ ಬಿಡ್ತಾರ್ರಿ."

"ನನಗ ಈಸೂದು ಬ್ಯಾಡವಾ. ಮೊಣಕಾಲು ಹಿಡದಾವ. ಡಾಕ್ಟರ್ ದಿನಾ ನೀರಾಗ ನಡಿ ಅಂದಾನ. ಮನ್ಯಾಗ ಏನೈತಿ, ಕೊಡದಾಗ ಇಳದು ನಡೀಲೇನು?"

ಮುನವ್ವರಾ ನಕ್ಕುಬಿಟ್ಟಳು. ಆ ನಗೆ ಖಾಲಿ ಗೊಳದ ಮೇಲೆ ಹಾದು ಆಚೆಯ ಗೋಡೆಗೆ ತಾಗಿ ಮರಳಿ ಬಂತು. ಆ ಜಾಗದಲ್ಲಿ ತನ್ನ ನಗೆಯನ್ನು ಅವಳು ಕೇಳಿದ್ದು ಅದೇ ಮೊದಲು.

ಅವಳು ಸಾವಂತ್ರವ್ವ. ಬಸ್‌ಸ್ಟ್ಯಾಂಡಿನ ಹಿಂದೆ ಖಾನಾವಳಿ ನಡೆಸುತ್ತಿದ್ದಳು. ಗಂಡ ಸತ್ತು ಹತ್ತು ವರ್ಷ. ನಸುಕಿಗೆದ್ದು ಒಲೆಯ ಮುಂದೆ ಕೂತರೆ ಮಧ್ಯಾಹ್ನದವರೆಗೆ ಇನ್ನೂರು ರೊಟ್ಟಿ ಬಡಿದು ಏಳುತ್ತಿದ್ದಳು. ಬಡಿಸುವ ಕೆಲಸ ತಂಗಿ ಸಂಗವ್ವನದು. ಮೊಣಕಾಲು ಹೋದದ್ದು ಆ ಕೂರುವಿಕೆಯಿಂದಲೇ. ಅಂದಿನಿಂದ ದಿನಾ ಒಂದೂವರೆಗೆ ಬರತೊಡಗಿದಳು. ಸೀರೆಯ ಕಚ್ಚೆ ಬಿಗಿದು, ಕಂಬಿ ಹಿಡಿದು ಇಳಿದು, ಎದೆಮಟ್ಟದ ನೀರಿನಲ್ಲಿ ಈ ಗೋಡೆಯಿಂದ ಆ ಗೋಡೆಗೆ ಎಮ್ಮೆಯ ಹಾಗೆ ಸಾವಕಾಶ ನಡೆಯುತ್ತಿದ್ದಳು. ಆಳದ ಕಡೆಗೆ ಹೋಗದಂತೆ ನಡುವೆ ಹಗ್ಗ ಕಟ್ಟಿತ್ತು. ನಡೆದಷ್ಟು ಹೊತ್ತೂ ಬಾಯಿ ನಿಲ್ಲುತ್ತಿರಲಿಲ್ಲ. ಯಾವ ಗಿರಾಕಿ ಹೆಂಡತಿಯೊಡನೆ ಜಗಳಾಡಿ ಬಂದಿದ್ದಾನೆ, ಯಾವನಿಗೆ ಊರಿನ ನೆನಪಾಗಿದೆ ಎಂಬುದನ್ನೆಲ್ಲ ಅವರು ರೊಟ್ಟಿ ಮುರಿಯುವುದರಲ್ಲೇ ಕಂಡುಹಿಡಿಯುತ್ತಿದ್ದಳು. ಮುನವ್ವರಾ ಎಂಬ ಹೆಸರು ಅವಳ ಬಾಯಲ್ಲಿ ಎರಡೇ ದಿನಕ್ಕೆ ಮುನ್ನವ್ವ ಆಯಿತು. ಇವಳು ಅವಳನ್ನು, ತಾಯಿಯ ತಂಗಿಯನ್ನು ಕರೆದಂತೆ, ಮಾವಶಿ ಎಂದಳು.

ಏರಿ ಬಂದಮೇಲೆ ಇಬ್ಬರೂ ಬಿಸಿಲಿಗೆ ಬೆನ್ನುಕೊಟ್ಟು ಕೂತು ರೊಟ್ಟಿ, ಝುಣಕ, ಶೇಂಗಾ ಚಟ್ನಿ ತಿನ್ನುತ್ತಿದ್ದರು. ರಮಜಾನದಲ್ಲಿ ಮಾತ್ರ ಸಾವಂತ್ರವ್ವ ಗಂಟು ಬಿಚ್ಚುತ್ತಿರಲಿಲ್ಲ, ಅಡುಗೆಯ ಸುದ್ದಿಯನ್ನೂ ಎತ್ತುತ್ತಿರಲಿಲ್ಲ. ಹೋಗುವಾಗ ಗಂಟನ್ನು ಅವಳ ಕೈಗಿಟ್ಟು, "ಹೊತ್ತು ಮುಣಗಿದ ಮ್ಯಾಲ ತಿನ್ನು, ರೈಲಿನ್ಯಾಗ ಕೆಡವಿ ಬಂದಿ ಮತ್ತ," ಎನ್ನುತ್ತಿದ್ದಳು.

ಹೀಗೆ ವರ್ಷದ ಮೇಲಾಯಿತು. ಮೊಣಕಾಲು ಎಷ್ಟು ಸುಧಾರಿಸಿತೋ, ಆದರೆ ಸಾವಂತ್ರವ್ವ ಬರುವುದನ್ನು ಬಿಡಲಿಲ್ಲ. ಅವಳು ಬಾರದ ದಿನ ಆ ಎರಡು ತಾಸು ಮೊದಲಿಗಿಂತ ಉದ್ದವಾಗಿರುತ್ತಿದ್ದವು.

ಎಂಬತ್ತೆರಡರ ಏಪ್ರಿಲ್‌ನಲ್ಲಿ ಪಕ್ಕದಲ್ಲಿ ಒಂದು ಮನೆ ಏಳುತ್ತಿತ್ತು. ಒಂದು ಮಧ್ಯಾಹ್ನ ಅದರ ಮಾಳಿಗೆಯ ಮೇಲೆ ಇಬ್ಬರು ಗಂಡಸರು ಬಂದು ನಿಂತು ಇತ್ತ ಇಣುಕಿದರು. ಮುನವ್ವರಾ ಎದ್ದು ಗೋಡೆಯತ್ತ ಓಡಿದಳು. "ಏ, ಅಕ್ಕತಂಗೇರಿಲ್ಲೇನ್ರೋ ನಿಮಗ? ಇಳೀರಿ ಕೆಳಗ!" ಎಂದು ಕೂಗಿದಳು. ಅವರು ನಗುತ್ತ ಏನೋ ಅಂದರು, ಇವಳು ಕಲ್ಲು ಹುಡುಕಿದಳು. ಎದೆಮಟ್ಟದ ನೀರಿನಲ್ಲಿ ನಿಂತು ತಾನೂ ಅವರನ್ನು ಬೈಯುತ್ತಿದ್ದ ಸಾವಂತ್ರವ್ವಗೆ ತನ್ನ ಒದ್ದೆ ಸೀರೆಯ ಮೇಲೆ ಆ ಕಣ್ಣುಗಳು ಬಿದ್ದದ್ದು ಗೊತ್ತಾಯಿತು. ಆಚೆ ಕಡೆ, ತಟ್ಟಿಯ ಮರೆ ಇದ್ದಲ್ಲಿ ಹೋದರೆ ಅವರಿಗೆ ಕಾಣುವುದಿಲ್ಲವೆಂದು, ಹಗ್ಗ ಎತ್ತಿ ಅದರ ಕೆಳಗಿಂದ ದಾಟಿದಳು. ಒಂದು ಹೆಜ್ಜೆಗೆ ನೆಲ ಜಾರಿತು. ಎರಡನೆಯ ಹೆಜ್ಜೆಗೆ ನೆಲವೇ ಇರಲಿಲ್ಲ.

ಅವಳು ಕೂಗಲಿಲ್ಲ. ಮುಳುಗುವವರಿಗೆ ಕೂಗಲು ಉಸಿರು ಎಲ್ಲಿರುತ್ತದೆ? ಹಿಂದಿನಿಂದ ಬರುತ್ತಿದ್ದ ಬೈಗುಳ ನಿಂತದ್ದರಿಂದಲೇ ಮುನವ್ವರಾ ತಿರುಗಿ ನೋಡಿದ್ದು.

ಆಮೇಲೆ ನಡೆದದ್ದು ಒಂದೆರಡು ನಿಮಿಷದ ಮಾತು. ಅವಳು ಓಡಿ ಬಂದು ಜಿಗಿದಳು. ನೀರಿನ ಮೇಲೆ ಆ ಮುಖ ಕಂಡಿತು, ಬಾಯಿ ತೆರೆದಿತ್ತು, ಕಣ್ಣು ತನ್ನನ್ನೇ ನೋಡುತ್ತಿದ್ದವು. ಕಲಿತದ್ದೆಲ್ಲ ಮರೆತುಹೋಯಿತು. "ಮಾವಶಿ!" ಎಂದು ಮುಂದಿನಿಂದಲೇ ಹೋದಳು. ಸಾವಂತ್ರವ್ವನ ಎರಡೂ ಕೈ ಅವಳ ತಲೆಯ ಮೇಲೆ ಬಿದ್ದವು. ದಿನಕ್ಕೆ ಇನ್ನೂರು ರೊಟ್ಟಿ ಬಡಿಯುವ ಕೈ ಅವು. ಆಮೇಲೆ ಮೊಣಕಾಲು ಹೆಗಲ ಮೇಲೆ ಬಂತು, ಪಾದ ಮುಖದ ಮೇಲೆ ಬಂತು. ಏಣಿ ಹತ್ತಿದಂತೆ ಅವಳು ಇವಳನ್ನು ಹತ್ತಿದಳು. ಮೇಲೆ ಒಂದು ಉಸಿರು ಎಳೆದುಕೊಂಡಳು, ಮತ್ತೆ ತುಳಿದಳು.

ಹಸಿರು ದಡಿಯ ಸೀರೆ ಕಣ್ಣಮುಂದೆ ಸುತ್ತುತ್ತಿರುವಾಗ ಮುನವ್ವರಾಳಿಗೆ ಮೈಲಾರಲಿಂಗನ ಮಾತು ನೆನಪಾಯಿತು. ಮೈ ಸಡಿಲಬಿಟ್ಟು ಕೆಳಗೆ ಹೋದಳು. ತಳಕ್ಕೆ ಕಾಲು ತಾಗಿತು. ಮೇಲಿನ ಭಾರ ಕಳಚಿತು. ತಲೆ ಎತ್ತಿದರೆ ಆ ದೊಡ್ಡ ಮೈ ಮೇಲೆ ಒದ್ದಾಡುತ್ತಿತ್ತು. ಆಗ, ಕಣ್ಣು ಮಿಟುಕಿಸುವಷ್ಟು ಹೊತ್ತು, ಅವಳಿಗೆ ಸಿಟ್ಟು ಬಂತು. ಹೋಗಲಿ, ಎಂದುಕೊಂಡಳು. ನನ್ನನ್ನು ತುಳಿದಳಲ್ಲ, ಹೋಗಲಿ. ಮರುಕ್ಷಣ ನೆಲ ಒದ್ದು, ಸುತ್ತಿ ಹಿಂದಿನಿಂದ ಬಂದು, ಗದ್ದದ ಕೆಳಗೆ ಕೈಹಾಕಿ, ದಂಡೆಯ ಕಡೆಗೆ ಎಳೆದಳು.

ಅಂಚಿನ ಮೇಲೆ ಬೋರಲು ಮಲಗಿಸಿ ಬೆನ್ನು ಒತ್ತುತ್ತಿದ್ದಾಗ ತಟ್ಟಿಯ ಆಚೆಯಿಂದ ಮೈಲಾರಲಿಂಗನ ದನಿ ಬಂತು. ಸದ್ದು ಕೇಳಿ ಓಡಿ ಬಂದಿದ್ದ. ಹೆಂಗಸರ ಹೊತ್ತೆಂದು ಬಾಗಿಲಲ್ಲೇ ನಿಂತಿದ್ದ.

"ಒಳಗ ಬರ್ಲೇನವಾ?"

ಮುನವ್ವರಾ ಬೆನ್ನು ಒತ್ತುತ್ತಲೇ ಇದ್ದಳು. ಕೆಳಗೆ ಮಲಗಿದ್ದವಳೇ ನೀರು ಕಾರಿ, ಕೆಮ್ಮಿ, "ಬ್ಯಾಡಪಾ!" ಎಂದಳು.

ಮೈಲಾರಲಿಂಗ ಮುಖ ತಿರುಗಿಸಿಕೊಂಡು ತನ್ನ ಖಾಕಿ ಕೋಟನ್ನು ತಟ್ಟಿಯ ಮೇಲಿಂದ ಎಸೆದ. ಮುನವ್ವರಾ ಅದನ್ನು ಹೊದಿಸಿ ಕೂರಿಸಿದಳು. ಇನ್ನು ನಗುತ್ತಾಳೆ, ಬೈಯುತ್ತಾಳೆ ಎಂದು ಕಾದಳು. ಸಾವಂತ್ರವ್ವ ಅವಳ ಕೊರಳ ಮೇಲಿನ ಉಗುರಿನ ಗೀರುಗಳನ್ನು ನೋಡಿದಳು, ಒಡೆದ ತುಟಿಯನ್ನು ನೋಡಿದಳು, ಆಮೇಲೆ ಬೇರೆ ಕಡೆ ನೋಡಿದಳು. ಟಾಂಗಾ ಬಂದಾಗ ಮುನವ್ವರಾಳ ಕೈ ಹಿಡಿಯದೆ ತಾನೇ ಹತ್ತಿದಳು.

ಮರುದಿನ ಬರಲಿಲ್ಲ. ಆ ವಾರವಿಡೀ ಬರಲಿಲ್ಲ. ಜ್ವರ ಬಂದಿರಬೇಕು ಎಂದುಕೊಂಡಳು ಮುನವ್ವರಾ. ಹದಿಮೂರನೆಯ ದಿನ, ಮೂರು ಹೊಡೆದ ಕೂಡಲೇ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಗೆ ಹೋದಳು. ಸಂಗವ್ವ ಕಂಡವಳೇ ಕೈಹಿಡಿದು, "ಬಾರವಾ, ನಮ್ಮಕ್ಕನ ಜೀವಾ ಉಳಿಸಿದಾಕಿ," ಎಂದು ಮಣೆ ಹಾಕಿದಳು. ಒಳಗಿನಿಂದ ಸಂಜೆಯ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು, ಬಡಿಯುವವಳು ಹೊರಬರಲಿಲ್ಲ. ಮುನವ್ವರಾ ತಾನೇ ಎದ್ದು ಅಡುಗೆಮನೆಯ ಬಾಗಿಲಿಗೆ ಹೋದಳು.

"ಮಾವಶಿ, ಕಾಲು ಹೆಂಗದಾವ?"

"ಅದಾವ್ರಿ." ತಲೆ ಎತ್ತಲಿಲ್ಲ.

"ನನಗ ರೀ ಅಂತೀರೇನು?"

ಕೈ ನಿಂತಿತು. ಒಲೆಯ ಮೇಲಿನ ರೊಟ್ಟಿ ಉಬ್ಬಿ, ಕಪ್ಪಾಗಿ, ಹೊಗೆಯಾಡಿತು. ಸಾವಂತ್ರವ್ವ ಅದನ್ನು ತೆಗೆದು ಪಕ್ಕಕ್ಕೆ ಇಟ್ಟಳು.

"ಮುಣಗುವಾಗ ಏನೂ ತಿಳಿಯೂದಿಲ್ಲ ಅಂತಾರ ಎಲ್ಲಾರೂ. ಸುಳ್ಳು. ನನಗ ತಿಳೀತಿತ್ತು. ಕಾಲಾಗ ಸಿಕ್ಕಾಕಿ ನೀನ ಅಂತ ಗೊತ್ತಿತ್ತು. ಗೊತ್ತಿದ್ದ ತುಳದ್ನಿ. ಒಂದು ಸಲ ಅಲ್ಲ."

"ಎಲ್ಲಾರೂ ಹಂಗ ಮಾಡ್ತಾರ ಮಾವಶಿ. ಅದು ನೀರಿನ ಗುಣ."

"ಮಾಡ್ತಾರ. ಅವ್ರಿಗೆ ನೀ ಯಾರೋ ಒಬ್ಬಾಕಿ. ನನಗ ಯಾರೋ ಏನು?" ಹಿಟ್ಟಿನ ಕೈಯಿಂದಲೇ ಕಣ್ಣೊರೆಸಿಕೊಂಡಳು. "ಬ್ಯಾಡವಾ. ನಿನ್ನ ಮಾರಿ ನೋಡಿದ್ರ ನನಗ ನನ್ನ ಕಾಲು ನೆನಪಾಗ್ತದ."

ಮುನವ್ವರಾ ಹೊಸ್ತಿಲ ಮೇಲೆ ನಿಂತೇ ಇದ್ದಳು. ಹೇಳಬೇಕಾದದ್ದು ನಾಲಗೆಯ ತುದಿಯಲ್ಲಿತ್ತು. ಗೊಳದ ತಳದಲ್ಲಿ ತಾನು 'ಹೋಗಲಿ' ಎಂದುಕೊಂಡದ್ದು. ಅದನ್ನು ಹೇಳಿದ್ದರೆ ಇಬ್ಬರ ಪಾಲೂ ಸರಿಸಮ ಆಗುತ್ತಿತ್ತೇನೋ. ಆದರೆ ಸಂಗವ್ವ ತಾಟು ಹಿಡಿದು ಬಂದು, "ಉಣ್ಣದ ಹೋಗಬ್ಯಾಡವಾ," ಎಂದಳು, ಎರಡು ತುತ್ತು ಹೇಗೋ ಇಳಿದವು, ರೈಲಿನ ಹೊತ್ತಾಯಿತು.

ಖಾನಾಪುರ ಮುಟ್ಟುವವರೆಗೂ ಅದೇ ಒಂದು ಮಾತನ್ನು ಮನಸ್ಸಿನಲ್ಲಿ ಹತ್ತು ನಮೂನೆಯಿಂದ ಹೇಳಿ ನೋಡಿದಳು. ಹೇಳಿಬಿಡಬೇಕೆಂದು ಗಟ್ಟಿ ಮಾಡಿಕೊಳ್ಳಲು ತಿಂಗಳು ಹಿಡಿಯಿತು. ಮತ್ತೆ ಹೋದಾಗ ಸಂಗವ್ವ ಬಾಗಿಲಲ್ಲೇ ನಿಂತು, ಕಣ್ಣು ತಪ್ಪಿಸಿ, "ಅಕ್ಕ ಮಲಗ್ಯಾಳವಾ," ಎಂದಳು. ಒಳಗೆ ರೊಟ್ಟಿ ಬಡಿಯುವ ಸದ್ದು ಇಬ್ಬರಿಗೂ ಕೇಳಿಸುತ್ತಿತ್ತು. "ಮಲಗ್ಲಿ ಬಿಡ್ರಿ," ಎಂದು ಮುನವ್ವರಾ ತಿರುಗಿದಳು.

ಮತ್ತೆ ಅವಳು ಆ ಓಣಿಗೆ ಹೋಗಲಿಲ್ಲ. ಊರಿನ ಸಂತೆಯಲ್ಲಿ ಕಾಡವ್ವ ಕಂಡರೆ, ಆ ಹೆಂಗಸು ಮುಖ ತಿರುಗಿಸುವ ಮೊದಲೇ ತಾನು ಬೇರೆ ದಾರಿ ಹಿಡಿಯತೊಡಗಿದಳು. ಅವಳಿಗೂ ನನ್ನ ಮುಖ ಕಂಡರೆ ಆ ಸೆಳವೇ ನೆನಪಾಗುತ್ತಿತ್ತೇನೋ, ಇಷ್ಟು ವರ್ಷ ಅದನ್ನು ಸುಮ್ಮನೆ ಜಾತಿಯ ಮೇಲೆ ಹಾಕಿದ್ದೆನಲ್ಲ ಎನಿಸುತ್ತಿತ್ತು.

ಎಂಬತ್ಮೂರರಲ್ಲಿ ಗೊಳದ ನೀರು ಖಾಲಿಮಾಡಿ ದುರಸ್ತಿಗೆ ತೆಗೆದರು. ಮತ್ತೆ ತುಂಬಿಸಿದಾಗ ವೇಳೆ ಬರೆದ ಹೊಸ ಹಲಗೆಯ ಮೇಲೆ ಹೆಂಗಸರ ಹೊತ್ತು ಇರಲಿಲ್ಲ. ಮಂಡಳದವರು ಯಾರೂ ಜಗಳಕ್ಕೆ ಬರಲಿಲ್ಲ. ಮೈಲಾರಲಿಂಗನ ಪರಿಚಯದವರೊಬ್ಬರು ಒಂದು ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಕೆಲಸ ಕೊಡಿಸಿದರು. ಅವಳು ಅದೇ ರೈಲಿನಲ್ಲಿ ಬಂದು ಹೋಗುವುದನ್ನು ಮುಂದುವರಿಸಿದಳು.

ಎಂಬತ್ತೈದರ ಶ್ರಾವಣದಲ್ಲಿ ಒಂದು ಮುಂಜಾನೆ, ಘಾಟಿನ ಬದಿಯಿಂದ ಸ್ಟೇಷನ್ನಿಗೆ ಹೊರಟಿದ್ದಳು. ಮಳೆ ನಿಂತಿತ್ತು, ಹೊಳೆ ತುಂಬಿತ್ತು. ಗುರುತಿಲ್ಲದ ಗಂಡಸೊಬ್ಬ, ಗುಂಜಿಯ ಕಡೆಯವನೋ ಏನೋ, ಕೆಳಗಿನ ಮೆಟ್ಟಿಲ ಮೇಲೆ ಕಾಲು ತೊಳೆಯಲು ಬಗ್ಗಿದವನು ಹಾಗೇ ಜಾರಿ ನೀರಿನಲ್ಲಿ ಕಾಣದಾದ. ಅವಳು ಚೀಲ ಒಗೆದು ಓಡಿದಳು. ಈ ಸಲ ಮುಂದಿನಿಂದ ಹೋಗಲಿಲ್ಲ. ಸೆಳವಿನ ಜೊತೆಗೇ ಇಳಿದು, ಹಿಂದಿನಿಂದ ಬಂದು, ಅಂಗಿಯ ಕಾಲರು ಹಿಡಿದು, ಅವನ ಕೈಗೆ ಸಿಗದಂತೆ ತೋಳುದ್ದ ದೂರವಿಟ್ಟು, ಓರೆಯಾಗಿ ಈಸುತ್ತ ಕೆಳಗಿನ ದಂಡೆಗೆ ತಂದಳು. ಬೋರಲು ಹಾಕಿ ಒತ್ತಿದಳು. ನೀರು ಹೋಯಿತು, ಉಸಿರು ಬಂತು. ಕಣ್ಣು ಇನ್ನೂ ಮುಚ್ಚಿದ್ದವು. ಮೇಲಿನ ಘಾಟಿನಿಂದ ಬಟ್ಟೆ ಒಗೆಯುವವರು ಓಡಿ ಬರುವುದು ಕಾಣುತ್ತಿತ್ತು.

ಅವನು ಕಣ್ಣು ತೆರೆದು ತನ್ನ ಮುಖ ನೋಡುವ ಮೊದಲೇ ಅವಳು ಎದ್ದಳು. ಕೆಸರುದಾರಿ ಹಿಡಿದು ಬಳಸಿ ಮೇಲೆ ಬಂದು, ಚೀಲ ಎತ್ತಿಕೊಂಡು, ಘಾಟಿನ ಮೇಲಿದ್ದ ಒಂದು ಕಟ್ಟಡದ ಮರೆಯಲ್ಲಿ ನಿಂತಳು. ಅವನು ಕೆಮ್ಮಿ, ಎದ್ದು ಕೂತು, "ಅವ್ವಾ" ಎಂದು ಅಳುವುದು ಕೇಳಿಸಿತು. ಯಾರು, ಯಾರು ತೆಗೆದವರು ಎಂದು ಜನ ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಅವಳು ಸ್ಟೇಷನ್ನಿನ ದಾರಿ ಹಿಡಿದಳು.

ರೈಲಿನ ಹೆಂಗಸರ ಡಬ್ಬಿಯಲ್ಲಿ ಎಲ್ಲರೂ ಕಾಲು ಎಳೆದುಕೊಂಡು ದಾರಿ ಬಿಟ್ಟರು. ಬಟ್ಟೆಯಿಂದ ನೀರು ಸೋರಿ ಹಲಗೆಯ ಮೇಲೆ ಹರಿಯುತ್ತಿತ್ತು. ಬಾಗಿಲ ಹತ್ತಿರ ಸೊಪ್ಪಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಮುದುಕಿಯೊಬ್ಬಳು ಅವಳನ್ನು ಮೇಲಿಂದ ಕೆಳಗೆ ನೋಡಿದಳು.

"ಹೊಳ್ಯಾಗ ಬಿದ್ದಿದ್ಯೇನವಾ?"

"ಹೂಂನ್ರಿ. ಕಾಲು ಜಾರ್ತು."

"ಅಯ್ಯ ಶಿವನ! ಈ ಹೊಳ್ಯಾಗ? ಯಾರು ತಗದ್ರು?"

"ಗೊತ್ತಿಲ್ರಿ," ಎಂದಳು ಮುನವ್ವರಾ. "ಹಿಂದಿಂದ ಬಂದ್ರು. ಮಾರಿ ನೋಡ್ಲಿಲ್ಲ."

ಮುದುಕಿ ಬುಟ್ಟಿಯನ್ನು ಕಾಲಿನಿಂದ ಸರಿಸಿ ಜಾಗ ಮಾಡಿದಳು. "ಕುಂದರ ಇಲ್ಲೆ. ತಲಿ ಬಗ್ಗಿಸು," ಎಂದು ತನ್ನ ಹೆಗಲ ಮೇಲಿನ ಅರಿವೆ ತೆಗೆದು, ಒರಟು ಕೈಯಿಂದ ಅವಳ ತಲೆ ಒರೆಸತೊಡಗಿದಳು. ಮುನವ್ವರಾ ತಲೆ ಬಗ್ಗಿಸಿದವಳು ದೇಸೂರು ಸ್ಟೇಷನ್ ಬರುವವರೆಗೂ ಎತ್ತಲಿಲ್ಲ.